ನ್ಯೂಯಾರ್ಕ್ ಮ್ಯಾಗಜೀನ್

ಅಮೆರಿಕದ ನ್ಯೂಯಾರ್ಕ್ ನಗರದಿಂದ ಪ್ರಕಟವಾಗುವ ಇಂಗ್ಲಿಷ್ ನಿಯತಕಾಲಿಕ. ಮೊದಲ ಸಂಚಿಕೆ 1968ರ ಏಪ್ರಿಲ್ 8ರ ದಿನಾಂಕ ಹೊತ್ತು ಹೊರಬಂತು. ಸ್ಥಾಪಕ ಸಂಪಾದಕ ಕ್ಲೇ ಫೆಲ್ಕರ್. ವಿನ್ಯಾಸ ನಿರ್ದೇಶಕ ಮತ್ತು ಸಹ ಸ್ಥಾಪಕ ಮಿಲ್ಟನ್ ಗ್ಲೇಸರ್. 2014ರವರೆಗೆ ವಾರಪತ್ರಿಕೆಯಾಗಿದ್ದು ಆಮೇಲೆ ಪಾಕ್ಷಿಕವಾಯಿತು. 2019ರಿಂದ ವಾಕ್ಸ್ ಮೀಡಿಯಾ ಸಂಸ್ಥೆಯ ಒಡೆತನದಲ್ಲಿದೆ. ಒಂದು ಊರನ್ನೇ ವಸ್ತುವಾಗಿಟ್ಟುಕೊಂಡು, ಅಲ್ಲಿ ಬಾಳುವವರಿಗೆ ದಿನಬಳಕೆಯ ಮಾಹಿತಿಯನ್ನೂ ಅಲ್ಲಿನ ಅಧಿಕಾರ, ಹಣ, ಕಲೆಗಳ ಬಗ್ಗೆ ಆಳವಾದ ವರದಿಯನ್ನೂ ಒಂದೇ ಹೊದಿಕೆಯೊಳಗೆ ಕೊಡುವ ನಗರ ನಿಯತಕಾಲಿಕ ಎಂಬ ಪ್ರಕಾರಕ್ಕೆ ಸ್ಪಷ್ಟ ರೂಪ ಕೊಟ್ಟ ಪತ್ರಿಕೆಯಿದು. ಇದಕ್ಕೆ ಮೊದಲೂ ನಗರಗಳ ಹೆಸರಿನ ಪತ್ರಿಕೆಗಳಿದ್ದವು. 1925ರಲ್ಲಿ ಆರಂಭವಾದ ‘ದ ನ್ಯೂಯಾರ್ಕರ್’ ಇದೇ ನಗರದ್ದು. ಆದರೆ ಅದು ಬೇಗನೆ ದೇಶದ ಸಾಹಿತ್ಯಾಸಕ್ತರ ಪತ್ರಿಕೆಯಾಗಿ ಬೆಳೆಯಿತು. ‘ನ್ಯೂಯಾರ್ಕ್’ ಮಾತ್ರ ಬಹುಕಾಲ ತನ್ನ ಬೀದಿಗಳನ್ನು ಬಿಟ್ಟು ಕದಲಲಿಲ್ಲ.

ಹಿನ್ನೆಲೆ

ಈ ಪತ್ರಿಕೆ ಹುಟ್ಟಿದ್ದು ದಿನಪತ್ರಿಕೆಯೊಂದರ ಭಾನುವಾರದ ಪುರವಣಿಯಾಗಿ. 1962ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮುದ್ರಣ ಕಾರ್ಮಿಕರು ಹೂಡಿದ ಮುಷ್ಕರ 114 ದಿನ ನಡೆಯಿತು. ನಗರದ ಮುಖ್ಯ ದಿನಪತ್ರಿಕೆಗಳಲ್ಲಿ ಹೆಚ್ಚಿನವು ಅಷ್ಟು ಕಾಲ ಮುಚ್ಚಿದ್ದವು. ಓದುಗರು ಟಿವಿಯ ಕಡೆ ಹೊರಳಿದರು, ಜಾಹೀರಾತುದಾರರು ಬೇರೆ ದಾರಿ ಹುಡುಕಿಕೊಂಡರು. ಮುಷ್ಕರ ಮುಗಿದಾಗ ಮೊದಲೇ ನಷ್ಟದಲ್ಲಿದ್ದ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಗೆ ಉಳಿಯಬೇಕಾದರೆ ಹೊಸದೇನನ್ನಾದರೂ ಮಾಡಲೇಬೇಕಿತ್ತು. ಸಂಪಾದಕ ಜೇಮ್ಸ್ ಬೆಲೋಸ್ ಅವರ ಕಾಲದಲ್ಲಿ ಪತ್ರಿಕೆಯ ಪುಟವಿನ್ಯಾಸ ಬದಲಾಯಿತು. 1963ರಲ್ಲಿ ಭಾನುವಾರದ ಪುರವಣಿ ‘ನ್ಯೂಯಾರ್ಕ್’ ಎಂಬ ಹೆಸರಿನಲ್ಲಿ ಹೊಸ ರೂಪ ತಳೆಯಿತು. ‘ಎಸ್ಕ್ವೈರ್’ ಮಾಸಪತ್ರಿಕೆಯಲ್ಲಿ ಪಳಗಿದ್ದ ಕ್ಲೇ ಫೆಲ್ಕರ್ ಸ್ವಲ್ಪ ಕಾಲದಲ್ಲೇ ಇದರ ಸಂಪಾದಕರಾದರು.

ಪುರವಣಿಗೆ ಹೆಸರು ತಂದವರು ಇಬ್ಬರು ವರದಿಗಾರರು: ಟಾಮ್ ವುಲ್ಫ್ ಮತ್ತು ಜಿಮ್ಮಿ ಬ್ರೆಸ್ಲಿನ್. ವುಲ್ಫ್ ಸಿರಿವಂತರ, ಫ್ಯಾಷನ್ ಲೋಕದ, ಹೊಸ ಹಣದ ನಡೆನುಡಿಗಳನ್ನು ಕಾದಂಬರಿಕಾರನ ಕಣ್ಣಿನಿಂದ ನೋಡಿದರು. ಬ್ರೆಸ್ಲಿನ್ ಬಾರುಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ, ಕ್ವೀನ್ಸ್ ಭಾಗದ ದುಡಿಯುವವರ ಕೇರಿಗಳಲ್ಲಿ ಕಥೆ ಹುಡುಕಿದರು. 1963ರಲ್ಲಿ ಅಧ್ಯಕ್ಷ ಕೆನಡಿಯ ಅಂತ್ಯಕ್ರಿಯೆಯ ದಿನ ಉಳಿದ ವರದಿಗಾರರೆಲ್ಲ ಗಣ್ಯರ ಸಾಲಿನ ಹಿಂದೆ ಹೋದರೆ, ಬ್ರೆಸ್ಲಿನ್ ಹೆರಾಲ್ಡ್ ಟ್ರಿಬ್ಯೂನಿಗಾಗಿ ಸಮಾಧಿಯ ಗುಂಡಿ ತೋಡಿದ ಕೆಲಸಗಾರನನ್ನು ಹುಡುಕಿಕೊಂಡು ಹೋಗಿ ಅವನ ದಿನದ ಕಥೆ ಬರೆದರು. ಮುಂದೆ ‘ನ್ಯೂಯಾರ್ಕ್’ ಪತ್ರಿಕೆಗೆ ಆಧಾರವಾದದ್ದು ಈ ಎರಡು ನೋಟಗಳೇ: ಒಂದು ಮೇಲಂತಸ್ತಿನ ಕೋಣೆಯೊಳಗಿನದು, ಇನ್ನೊಂದು ಕೆಳಗಿನ ಬೀದಿಯದು.

ಹೆರಾಲ್ಡ್ ಟ್ರಿಬ್ಯೂನ್ 1966ರಲ್ಲಿ ನಿಂತುಹೋಯಿತು. ಇನ್ನೆರಡು ಪತ್ರಿಕೆಗಳ ಜೊತೆ ವಿಲೀನಗೊಂಡು ಬಂದ ‘ವರ್ಲ್ಡ್ ಜರ್ನಲ್ ಟ್ರಿಬ್ಯೂನ್’ ಕೂಡ 1967ರ ಮೇ ತಿಂಗಳಲ್ಲಿ ಮುಚ್ಚಿತು. ದೊಡ್ಡ ದಿನಪತ್ರಿಕೆಗಳು ಮೂರೇ ಉಳಿದವು: ಟೈಮ್ಸ್, ಡೈಲಿ ನ್ಯೂಸ್, ಪೋಸ್ಟ್. ಎಂಬತ್ತು ಲಕ್ಷಕ್ಕೆ ಹತ್ತಿರದ ಜನರಿದ್ದ ನಗರದಲ್ಲಿ ದನಿಗಳು ಕಡಿಮೆಯಾದವು. ಆ ತೆರವಿನಲ್ಲೇ ಹೊಸ ಪತ್ರಿಕೆಗೆ ಜಾಗ ಸಿಕ್ಕಿತು.

ಸ್ಥಾಪನೆ

ಕೆಲಸ ಕಳೆದುಕೊಂಡ ಫೆಲ್ಕರ್ ತಮಗೆ ಬಂದ ಪರಿಹಾರದ ಹಣದಲ್ಲಿ 6,575 ಡಾಲರ್ ಕೊಟ್ಟು ‘ನ್ಯೂಯಾರ್ಕ್’ ಎಂಬ ಹೆಸರಿನ ಹಕ್ಕನ್ನು ಕೊಂಡರು. ವಾಲ್ ಸ್ಟ್ರೀಟಿನ ಬ್ಯಾಂಕರ್ ಆರ್ಮಂಡ್ ಎರ್ಫ್ ಬಂಡವಾಳ ಹೂಡುವವರನ್ನು ಒಟ್ಟುಗೂಡಿಸಿದರು. ಕಚೇರಿ ಸಿಕ್ಕಿದ್ದು ಮ್ಯಾನ್‌ಹಟನ್ನಿನ ಪೂರ್ವ 32ನೆಯ ಬೀದಿಯಲ್ಲಿ, ಗ್ಲೇಸರ್ ಅವರ ಪುಶ್ ಪಿನ್ ಸ್ಟುಡಿಯೋ ಇದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ. ಜಾಗ ಇಕ್ಕಟ್ಟಾಗಿತ್ತು. ಆದರೆ ಬರೆಯುವವರು, ಚಿತ್ರ ಬರೆಯುವವರು, ಜಾಹೀರಾತು ತರುವವರು ಎಲ್ಲರೂ ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿದ್ದರು.

ಫೆಲ್ಕರ್ ಹುಟ್ಟಿದ್ದು 1925ರಲ್ಲಿ, ಮಿಸ್ಸೂರಿ ರಾಜ್ಯದ ಚಿಕ್ಕ ಊರಿನಲ್ಲಿ. ಹೊರಗಿನಿಂದ ಬಂದು ಮಹಾನಗರದಲ್ಲಿ ನೆಲೆ ಕಂಡುಕೊಂಡವರಿಗೆ ಇರುವ ತೀರದ ಕುತೂಹಲ ಅವರಲ್ಲಿತ್ತು. ಈ ಊರಿನಲ್ಲಿ ಅಧಿಕಾರ ಯಾರ ಕೈಯಲ್ಲಿದೆ, ಹಣ ಎಲ್ಲಿಂದ ಬರುತ್ತದೆ, ಯಾರು ಮೇಲೇರುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ ಎಂಬ ಪ್ರಶ್ನೆಗಳನ್ನು ಅವರು ಪ್ರತಿ ಸಂಚಿಕೆಯಲ್ಲೂ ಕೇಳಿಸಿದರು. ಗ್ಲೇಸರ್ 1929ರಲ್ಲಿ ಬ್ರಾಂಕ್ಸಿನಲ್ಲಿ ಹುಟ್ಟಿ ಅಲ್ಲೇ ಬೆಳೆದವರು. ನಗರ ಅವರಿಗೆ ಮನೆಯಂಗಳ. ಹೊರಗಿನಿಂದ ಬಂದವನ ಆಸೆ, ಒಳಗಿನವನ ಸಲಿಗೆ ಎರಡೂ ಹೀಗೆ ಪತ್ರಿಕೆಯೊಳಗೆ ಸೇರಿದವು.

ಪುಟವಿನ್ಯಾಸ

ಗ್ಲೇಸರ್ ಮತ್ತು ಕಲಾ ನಿರ್ದೇಶಕ ವಾಲ್ಟರ್ ಬರ್ನಾರ್ಡ್ ಕೂಡಿ ರೂಪಿಸಿದ ಪುಟಗಳು ಪತ್ರಿಕೆಯ ಯಶಸ್ಸಿನಲ್ಲಿ ಬರಹದಷ್ಟೇ ಪಾಲು ಪಡೆದವು. ಒಂದೇ ವಿಷಯವನ್ನು ಎತ್ತಿ ಹೇಳುವ ಮುಖಪುಟ, ಓದುಗ ತನಗೆ ಬೇಕಾದ ಅಂಕಣವನ್ನು ತಟ್ಟನೆ ಹುಡುಕಿಕೊಳ್ಳುವಂತೆ ಪ್ರತಿ ವಾರವೂ ಅದದೇ ಜಾಗದಲ್ಲಿ ಬರುವ ವಿಭಾಗಗಳು, ಮಾಹಿತಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಜೋಡಿಸಿದ ಪಟ್ಟಿಗಳು, ನಕ್ಷೆಗಳು, ರೇಖಾಚಿತ್ರಗಳು ಇಲ್ಲಿ ಬಳಕೆಗೆ ಬಂದವು. ಇಂದು ಎಲ್ಲ ಭಾಷೆಗಳ ವಾರಪತ್ರಿಕೆಗಳಲ್ಲೂ ಸಾಮಾನ್ಯವಾಗಿರುವ ಈ ಜೋಡಣೆ ಆಗ ಹೊಸತು. 1976ರಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರವಾಸೋದ್ಯಮ ಪ್ರಚಾರಕ್ಕಾಗಿ ಗ್ಲೇಸರ್ ಕಾರಿನಲ್ಲಿ ಕುಳಿತು ಕಾಗದದ ಚೂರಿನ ಮೇಲೆ ಗೀಚಿದ, ಮೂರು ಅಕ್ಷರಗಳ ನಡುವೆ ಕೆಂಪು ಹೃದಯವಿರುವ ಗುರುತು ಜಗತ್ತಿನ ಮೂಲೆ ಮೂಲೆಗೂ ಹೋಯಿತು. ಅದನ್ನು ಅವರು ಹಣ ಪಡೆಯದೆ ಮಾಡಿಕೊಟ್ಟರು. ಆ ಮೂಲ ಗೀಚು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ದಿನಬಳಕೆಯ ಬರಹ

ಮಹಾನಗರದಲ್ಲಿ ಬದುಕುವವನಿಗೆ ನಿತ್ಯವೂ ನೂರು ಆಯ್ಕೆಗಳು, ಸಾವಿರ ಗೊಂದಲಗಳು. ಯಾವ ಹೋಟೆಲಿನಲ್ಲಿ ಊಟ, ಯಾವ ಬೀದಿಯಲ್ಲಿ ಬಾಡಿಗೆ ಮನೆ, ಯಾವ ಶಾಲೆ, ಯಾವ ವೈದ್ಯ, ಯಾವ ನಾಟಕ ಎಂಬ ಪ್ರಶ್ನೆಗಳಿಗೆ ದಿನಪತ್ರಿಕೆಗಳು ಕೊಡುತ್ತಿದ್ದ ಉತ್ತರ ಬಿಡಿಬಿಡಿಯಾಗಿತ್ತು. ‘ನ್ಯೂಯಾರ್ಕ್’ ಇದನ್ನು ಪತ್ರಿಕೋದ್ಯಮದ ಗಂಭೀರ ಕೆಲಸವೆಂದು ಎತ್ತಿಕೊಂಡಿತು. ಗ್ಲೇಸರ್ ಮತ್ತು ಜೆರೋಮ್ ಸ್ನೈಡರ್ ಪುರವಣಿಯ ಕಾಲದಲ್ಲೇ ಆರಂಭಿಸಿದ್ದ ‘ಅಂಡರ್‌ಗ್ರೌಂಡ್ ಗೂರ್ಮೆ’ ಅಂಕಣ ಕಡಿಮೆ ಬೆಲೆಗೆ ಒಳ್ಳೆಯ ಊಟ ಸಿಗುವ ಚಿಕ್ಕ ಹೋಟೆಲುಗಳನ್ನು ಹುಡುಕಿ ಪರಿಚಯಿಸಿತು. ವಲಸಿಗ ಕುಟುಂಬಗಳು ನಡೆಸುತ್ತಿದ್ದ ಎಷ್ಟೋ ಊಟದ ಮನೆಗಳಿಗೆ ಪತ್ರಿಕೆಯಲ್ಲಿ ಹೆಸರು ಬಂದದ್ದು ಅದೇ ಮೊದಲು. ಅದುವರೆಗೆ ಆಹಾರ ವಿಮರ್ಶೆ ಎಂದರೆ ದುಬಾರಿ ಫ್ರೆಂಚ್ ಊಟದ ಮಾತೇ ಹೆಚ್ಚಾಗಿತ್ತು. ಈ ಅಂಕಣ ಆ ಗಡಿಯನ್ನು ಅಳಿಸಿತು.

1968ರಲ್ಲಿ ಸೇರಿದ ಗೇಲ್ ಗ್ರೀನ್ ನಾಲ್ಕು ದಶಕಗಳ ಕಾಲ ಪತ್ರಿಕೆಯಲ್ಲಿ ಊಟದ ಬಗ್ಗೆ ಬರೆದರು. ಅವರು 1981ರಲ್ಲಿ ಅಡುಗೆ ಬರಹಗಾರ ಜೇಮ್ಸ್ ಬಿಯರ್ಡ್ ಅವರೊಡನೆ ‘ಸಿಟಿಮೀಲ್ಸ್-ಆನ್-ವೀಲ್ಸ್’ ಎಂಬ ಸಂಸ್ಥೆ ಕಟ್ಟಿದರು; ಮನೆಯಿಂದ ಹೊರಗೆ ಬರಲಾಗದ ವೃದ್ಧರಿಗೆ ವಾರಾಂತ್ಯ, ರಜಾದಿನಗಳಲ್ಲೂ ಊಟ ತಲುಪಿಸುವುದು ಅದರ ಉದ್ದೇಶ. ನಗರ ಪತ್ರಿಕೆಯ ಅಂಕಣಕಾರರಿಗೆ ಆ ನಗರದ ಮೇಲಿರುವ ಹೊಣೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆಟಕ್ಕೂ ಜಾಗವಿತ್ತು. ಸಂಗೀತ ನಾಟಕಕಾರ ಸ್ಟೀಫನ್ ಸಾಂಡ್‌ಹೈಮ್ ಆರಂಭದ ಸಂಚಿಕೆಗಳಿಗೆ ಒಗಟಿನ ಸುಳಿವುಗಳುಳ್ಳ ಕಠಿಣ ಪದಬಂಧಗಳನ್ನು ರಚಿಸಿದರು. ಬ್ರಿಟನ್ನಿನಲ್ಲಿ ರೂಢಿಯಲ್ಲಿದ್ದ ಈ ಬಗೆಯ ಪದಬಂಧ ಅಮೆರಿಕದ ಓದುಗರಿಗೆ ಹತ್ತಿರವಾಗಲು ಅವು ನೆರವಾದವು. ಮೇರಿ ಆನ್ ಮ್ಯಾಡನ್ ನಡೆಸಿದ ಓದುಗರ ಪದಚಾತುರ್ಯದ ಸ್ಪರ್ಧೆ ಬಹುಕಾಲ ಜನಪ್ರಿಯವಾಗಿತ್ತು.

ವರದಿ ಮತ್ತು ನುಡಿಚಿತ್ರ

ಹೊಸ ಪತ್ರಿಕೋದ್ಯಮ ಎಂದು ಹೆಸರಾದ ಬರವಣಿಗೆಗೆ ‘ನ್ಯೂಯಾರ್ಕ್’ ಮುಖ್ಯ ನೆಲೆಗಳಲ್ಲಿ ಒಂದಾಯಿತು. ವರದಿಗಾರ ದೃಶ್ಯ ಕಟ್ಟಿ, ಸಂಭಾಷಣೆ ದಾಖಲಿಸಿ, ಪಾತ್ರಗಳ ಒಳಗಿನ ಮಾತನ್ನೂ ಹಿಡಿಯುವ ಈ ಶೈಲಿಯ ಬಗ್ಗೆ ವುಲ್ಫ್ ಬರೆದ ಪ್ರಬಂಧ 1972ರಲ್ಲಿ ಇದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ 1970ರ ಜನವರಿಯಲ್ಲಿ ಪಾರ್ಕ್ ಅವೆನ್ಯೂದ ತಮ್ಮ ಮನೆಯಲ್ಲಿ ಜೈಲಿನಲ್ಲಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರ ಕಾನೂನು ಹೋರಾಟಕ್ಕೆ ಹಣ ಸೇರಿಸಲು ಕೂಟ ಏರ್ಪಡಿಸಿದ್ದರು. ಅಲ್ಲಿ ಕಂಡದ್ದನ್ನು ವುಲ್ಫ್ ಅದೇ ವರ್ಷದ ಜೂನ್ 8ರ ಸಂಚಿಕೆಯಲ್ಲಿ ‘ರ‍್ಯಾಡಿಕಲ್ ಶಿಕ್’ ಎಂಬ ದೀರ್ಘ ಬರಹವಾಗಿಸಿದರು. ಸಿರಿವಂತರ ಕ್ರಾಂತಿಪ್ರೇಮವನ್ನು ಹೆಸರಿಸಲು ಆ ಪದಗುಚ್ಛ ಇಂಗ್ಲಿಷಿನಲ್ಲಿ ನೆಲೆಯೂರಿತು. 1976ರಲ್ಲಿ ಅವರು ಬರೆದ ‘ಮಿ ಡೆಕೇಡ್’ ಕುರಿತ ಬರಹ ಆ ದಶಕದ ಗುರುತಾಗಿ ನಿಂತಿತು.

ಸ್ತ್ರೀವಾದದ ಇತಿಹಾಸದಲ್ಲೂ ಪತ್ರಿಕೆಗೆ ಸ್ಥಾನವಿದೆ. ಗ್ಲೋರಿಯಾ ಸ್ಟೈನಮ್ ಇಲ್ಲಿ ನಗರ ರಾಜಕೀಯದ ಅಂಕಣ ಬರೆಯುತ್ತಿದ್ದರು. 1969ರಲ್ಲಿ ಮಹಿಳಾ ವಿಮೋಚನೆಯ ಚಳವಳಿಯ ಬಗ್ಗೆ ಅವರು ಬರೆದ ಅಂಕಣ ಅವರನ್ನು ಆ ಚಳವಳಿಯ ಮುಂಚೂಣಿಗೆ ತಂದಿತು. ಸ್ಟೈನಮ್ ಮತ್ತು ಗೆಳತಿಯರು ಮಹಿಳೆಯರದ್ದೇ ಆದ ಪತ್ರಿಕೆ ಹೊರಡಿಸಲು ಬಂಡವಾಳ ಸಿಗದೆ ಅಲೆಯುತ್ತಿದ್ದಾಗ, ಫೆಲ್ಕರ್ 1971ರ ಡಿಸೆಂಬರ್ 20ರ ಸಂಚಿಕೆಯೊಳಗೆ ಅದರ ಮಾದರಿಯನ್ನು ಸೇರಿಸಿ ಅಚ್ಚು ಹಾಕಿದರು. ಅದೇ ‘ಮಿಸ್’ ಪತ್ರಿಕೆ. 1972ರ ಆರಂಭದಲ್ಲಿ ಬಂದ ಅದರ ಪೂರ್ಣ ಮುನ್ನೋಟ ಸಂಚಿಕೆಯ ಸುಮಾರು 3 ಲಕ್ಷ ಪ್ರತಿಗಳು ಎಂಟೇ ದಿನಗಳಲ್ಲಿ ಮುಗಿದವು. ಒಂದು ಊರಿನ ಪತ್ರಿಕೆಯ ಪುಟಗಳಿಂದ ಇಡೀ ದೇಶದ ಮಹಿಳೆಯರ ಪತ್ರಿಕೆ ಹೀಗೆ ಹೊರಬಂತು.

ಇಲ್ಲಿನ ಬರಹಗಳು ಸಿನಿಮಾಗಳಿಗೂ ಮೂಲವಾದವು. 1976ರ ಜೂನ್‌ನಲ್ಲಿ ನಿಕ್ ಕೋನ್ ಬ್ರೂಕ್ಲಿನ್ನಿನ ಬೇ ರಿಡ್ಜ್ ಪ್ರದೇಶದ ಡಿಸ್ಕೊ ಕುಣಿತದ ಹುಡುಗರ ಬಗ್ಗೆ ಬರೆದದ್ದು 1977ರಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರವಾಯಿತು. ಮುಂದೆ ‘ಅಮೆರಿಕನ್ ಗ್ಯಾಂಗ್‌ಸ್ಟರ್’ (2007), ‘ಹಸ್ಲರ್ಸ್’ (2019) ಚಿತ್ರಗಳು, ‘ಇನ್ವೆಂಟಿಂಗ್ ಅನ್ನಾ’ (2022) ಸರಣಿ ಈ ಪತ್ರಿಕೆಯ ವರದಿಗಳಿಂದಲೇ ಬಂದವು.

ಬಿಕ್ಕಟ್ಟಿನ ನಗರ

ಪತ್ರಿಕೆಯ ಮೊದಲ ದಶಕ ನಗರದ ಕೆಟ್ಟ ದಶಕವೂ ಹೌದು. 1968ರ ಫೆಬ್ರುವರಿಯಲ್ಲಿ ಪೌರಕಾರ್ಮಿಕರ ಮುಷ್ಕರದಿಂದ ಬೀದಿಗಳಲ್ಲಿ ಕಸ ರಾಶಿ ಬಿತ್ತು. ಅದೇ ವರ್ಷ ಶಿಕ್ಷಕರ ಮುಷ್ಕರ ಶಾಲೆಗಳನ್ನು ಮುಚ್ಚಿಸಿ ಕರಿಯರ ಮತ್ತು ಯಹೂದಿಗಳ ನಡುವೆ ಕಹಿ ಬೆಳೆಸಿತು. 1975ರಲ್ಲಿ ನಗರಾಡಳಿತ ದಿವಾಳಿಯ ಅಂಚಿಗೆ ಬಂತು. ಮಧ್ಯಮ ವರ್ಗದವರು ಮನೆ ಮಾರಿ ಉಪನಗರಗಳಿಗೆ ಹೋಗುತ್ತಿದ್ದರು. ಊರು ಬಿಟ್ಟು ಹೋಗುವುದೇ ಜಾಣತನ ಎಂಬ ಮಾತು ಹಬ್ಬಿದ್ದ ಕಾಲದಲ್ಲಿ, ಉಳಿದವರಿಗೆ ಉಳಿಯಲು ಕಾರಣಗಳನ್ನು ತೋರಿಸಿದ್ದು ಈ ಪತ್ರಿಕೆಯ ದೊಡ್ಡ ಸೇವೆ. ನಗರದ ಕೊಳಕನ್ನು ಅದು ಮುಚ್ಚಿಡಲಿಲ್ಲ. ನಿಕೊಲಸ್ ಪಿಲೆಜಿ ಮಾಫಿಯಾ ಮತ್ತು ಪೊಲೀಸರ ಲೋಕವನ್ನು ಬಿಡದೆ ವರದಿ ಮಾಡಿದರು. ಆದರೆ ಅದೇ ಸಂಚಿಕೆಯಲ್ಲಿ ಹಳೆಯ ಕಟ್ಟಡ ಕೊಂಡು ರಿಪೇರಿ ಮಾಡಿಸುವ ಬಗೆಯನ್ನೂ ಒಳ್ಳೆಯ ಬ್ರೆಡ್ ಸಿಗುವ ಅಂಗಡಿಯನ್ನೂ ಓದುಗ ಕಾಣಬಹುದಿತ್ತು.

ಒಡೆತನದ ಬದಲಾವಣೆಗಳು

ಯಶಸ್ಸಿನ ಹುರುಪಿನಲ್ಲಿ ಫೆಲ್ಕರ್ ಸಂಸ್ಥೆಯನ್ನು ಹಿಗ್ಗಿಸಿದರು. 1974ರಲ್ಲಿ ‘ವಿಲೇಜ್ ವಾಯ್ಸ್’ ವಾರಪತ್ರಿಕೆ ಸಂಸ್ಥೆಯ ತೆಕ್ಕೆಗೆ ಬಂತು. 1976ರಲ್ಲಿ ಕ್ಯಾಲಿಫೋರ್ನಿಯಾಕ್ಕಾಗಿ ‘ನ್ಯೂ ವೆಸ್ಟ್’ ಆರಂಭವಾಯಿತು. ಖರ್ಚು ಏರಿತು, ಷೇರುದಾರರೊಂದಿಗೆ ಮನಸ್ತಾಪ ಬೆಳೆಯಿತು. ಆಗಷ್ಟೇ ‘ನ್ಯೂಯಾರ್ಕ್ ಪೋಸ್ಟ್’ ಕೊಂಡಿದ್ದ ಆಸ್ಟ್ರೇಲಿಯಾದ ರೂಪರ್ಟ್ ಮರ್ಡಾಕ್ ಷೇರುಗಳನ್ನು ಖರೀದಿಸುತ್ತ ಬಂದು 1977ರ ಜನವರಿಯಲ್ಲಿ ಸಂಸ್ಥೆಯನ್ನು ಕೈವಶ ಮಾಡಿಕೊಂಡರು. ಬರಹಗಾರರು, ಸಿಬ್ಬಂದಿ ಪ್ರತಿಭಟಿಸಿ ಹೊರನಡೆದರು. ಫೆಲ್ಕರ್ ತಾವು ಕಟ್ಟಿದ ಪತ್ರಿಕೆಯನ್ನು ಬಿಡಬೇಕಾಯಿತು. ಗ್ಲೇಸರ್ ಕೂಡ ಹೋದರು. ಹೆಸರು ಕೊಂಡುಕೊಂಡವನಿಗೆ ಷೇರು ಉಳಿಸಿಕೊಳ್ಳಲಾಗಲಿಲ್ಲ. ಸಂಪಾದಕನ ಸ್ವಾತಂತ್ರ್ಯಕ್ಕೆ ಒಡೆತನದ ಬಲವೂ ಬೇಕೆಂಬ ಪಾಠ ಪತ್ರಿಕಾರಂಗದಲ್ಲಿ ಅಂದು ಎಲ್ಲರಿಗೂ ಮನದಟ್ಟಾಯಿತು. ಫೆಲ್ಕರ್ ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸಿದರು; 2008ರಲ್ಲಿ ತೀರಿಕೊಂಡರು. ಗ್ಲೇಸರ್ 2020ರ ಜೂನ್ 26ರಂದು, ತಮ್ಮ 91ನೆಯ ಹುಟ್ಟುಹಬ್ಬದ ದಿನವೇ ನಿಧನರಾದರು.

1980ರಿಂದ 1993ರವರೆಗೆ ಎಡ್ವರ್ಡ್ ಕೋಸ್ನರ್ ಸಂಪಾದಕರಾಗಿದ್ದರು. 1980ರಲ್ಲಿ ನಾಟಕ, ಸಿನಿಮಾ, ಸಂಗೀತ ಕಾರ್ಯಕ್ರಮಗಳ ಪಟ್ಟಿ ಪ್ರಕಟಿಸುತ್ತಿದ್ದ ಹಳೆಯ ಪತ್ರಿಕೆ ‘ಕ್ಯೂ’ ಇದರಲ್ಲಿ ವಿಲೀನವಾಯಿತು. 1991ರಲ್ಲಿ ಮರ್ಡಾಕ್ ಬೇರೆ ನಿಯತಕಾಲಿಕಗಳೊಡನೆ ಇದನ್ನೂ ಕೆ-ತ್ರೀ ಎಂಬ ಸಂಸ್ಥೆಗೆ ಮಾರಿದರು. 1994ರಲ್ಲಿ ಬಂದ ಕರ್ಟ್ ಆಂಡರ್ಸನ್ ಪತ್ರಿಕೆಗೆ ಮತ್ತೆ ಚುರುಕು ತಂದರು. ಆದರೆ 1996ರಲ್ಲಿ ಅವರನ್ನು ತೆಗೆದುಹಾಕಲಾಯಿತು. ವಾಲ್ ಸ್ಟ್ರೀಟಿನ ಗಣ್ಯರ ಕುರಿತ ಬರಹ ಮಾಲೀಕರಿಗೆ ಸರಿಬರಲಿಲ್ಲ ಎಂಬುದು ಆಂಡರ್ಸನ್ ಕೊಟ್ಟ ಕಾರಣ. ಮುಂದಿನ ಎಂಟು ವರ್ಷ ಕ್ಯಾರೊಲಿನ್ ಮಿಲ್ಲರ್ ಸಂಪಾದಿಸಿದರು.

2003ರ ಕೊನೆಯಲ್ಲಿ ಹಣಕಾಸು ಉದ್ಯಮಿ ಬ್ರೂಸ್ ವಾಸರ್‌ಸ್ಟೈನ್ 5.5 ಕೋಟಿ ಡಾಲರಿಗೆ ಪತ್ರಿಕೆಯನ್ನು ಕೊಂಡರು. 2004ರಲ್ಲಿ ಆ್ಯಡಮ್ ಮಾಸ್ ಸಂಪಾದಕರಾಗಿ ಬಂದು 15 ವರ್ಷ ನಡೆಸಿದರು. ಇದು ಪತ್ರಿಕೆಯ ಎರಡನೆಯ ಸುಗ್ಗಿಯ ಕಾಲ.

ಜಾಲತಾಣದ ಕಾಲ

ಮಾಸ್ ಕಾಲದಲ್ಲಿ ಪತ್ರಿಕೆಯ ಒಂದೊಂದು ವಿಭಾಗವೂ ಅಂತರ್ಜಾಲದಲ್ಲಿ ಒಂದೊಂದು ಸ್ವತಂತ್ರ ತಾಣವಾಗಿ ಬೆಳೆಯಿತು: ಊಟದ ಸುದ್ದಿಗೆ ‘ಗ್ರಬ್ ಸ್ಟ್ರೀಟ್’, ಸಿನಿಮಾ, ಟಿವಿ, ಪುಸ್ತಕಗಳಿಗೆ ‘ವಲ್ಚರ್’, ಉಡುಪು ಮತ್ತು ಮಹಿಳೆಯರ ಬದುಕಿಗೆ ‘ದ ಕಟ್’, ರಾಜಕೀಯಕ್ಕೆ ‘ಇಂಟೆಲಿಜೆನ್ಸರ್’, ಕೊಳ್ಳುವವರಿಗೆ ‘ದ ಸ್ಟ್ರಾಟಜಿಸ್ಟ್’. ಓದುಗರು ದೇಶದೆಲ್ಲೆಡೆ ಹರಡಿದರು. 2014ರಲ್ಲಿ ಅಚ್ಚಿನ ಆವೃತ್ತಿ ವಾರಕ್ಕೊಮ್ಮೆ ಬರುವುದನ್ನು ಬಿಟ್ಟು ಪಾಕ್ಷಿಕವಾಯಿತು.

ಅಚ್ಚಿನ ಮುಖಪುಟದ ಶಕ್ತಿ ಮಾತ್ರ ಕುಂದಲಿಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಡಿದಾಗ ಮ್ಯಾನ್‌ಹಟನ್ನಿನ ಕೆಳಭಾಗಕ್ಕೆ ಕರೆಂಟು ಹೋಯಿತು. ಛಾಯಾಗ್ರಾಹಕ ಇವಾನ್ ಬಾನ್ ಹೆಲಿಕಾಪ್ಟರಿನಿಂದ ತೆಗೆದ ಮುಖಪುಟದ ಚಿತ್ರದಲ್ಲಿ ದ್ವೀಪದ ಅರ್ಧ ಭಾಗ ಬೆಳಗುತ್ತಿದೆ, ಅರ್ಧ ಕತ್ತಲಲ್ಲಿದೆ. ಚಂಡಮಾರುತದ ಸಾವಿರ ಚಿತ್ರಗಳ ನಡುವೆ ನಗರದ ಅಸಮಾನತೆಯನ್ನೂ ಹೇಳಿದ ಚಿತ್ರವಿದು. 2015ರ ಜುಲೈಯಲ್ಲಿ ಹಾಸ್ಯನಟ ಬಿಲ್ ಕಾಸ್ಬಿ ವಿರುದ್ಧ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ 35 ಮಹಿಳೆಯರನ್ನು ಕುರ್ಚಿಗಳಲ್ಲಿ ಕುಳ್ಳಿರಿಸಿ, ಕೊನೆಯಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟ ಮುಖಪುಟ ಬಂತು. ಇನ್ನೂ ಮಾತಾಡಲಾರದವರಿಗಾಗಿ ಬಿಟ್ಟ ಜಾಗ ಅದೆಂದು ಓದುಗರು ಅರ್ಥ ಮಾಡಿಕೊಂಡರು.

ಕಲಾ ವಿಮರ್ಶಕ ಜೆರಿ ಸಾಲ್ಟ್ಸ್ 2018ರಲ್ಲಿ, ಪುಸ್ತಕ ವಿಮರ್ಶಕಿ ಆಂಡ್ರಿಯಾ ಲಾಂಗ್ ಚು 2023ರಲ್ಲಿ ವಿಮರ್ಶೆಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದರು. 2019ರಲ್ಲಿ ಡೇವಿಡ್ ಹ್ಯಾಸ್ಕೆಲ್ ಸಂಪಾದಕರಾದರು. ಅದೇ ವರ್ಷ ಪತ್ರಿಕೆ ವಾಕ್ಸ್ ಮೀಡಿಯಾದಲ್ಲಿ ಸೇರಿತು.

ಪ್ರಭಾವ

1970ರ ದಶಕದಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲೆಲ್ಲ ನಗರ ಪತ್ರಿಕೆಗಳು ಬೆಳೆದವು. ಫಿಲಡೆಲ್ಫಿಯಾ, ಲಾಸ್ ಏಂಜಲಿಸ್ ನಗರಗಳಲ್ಲಿ ಮೊದಲೇ ಇದ್ದವು ಹುರುಪುಗೊಂಡವು. 1973ರಲ್ಲಿ ‘ಟೆಕ್ಸಾಸ್ ಮಂತ್ಲಿ’, 1974ರಲ್ಲಿ ಡಲ್ಲಾಸ್ ನಗರದ ‘ಡಿ ಮ್ಯಾಗಜೀನ್’ ಹುಟ್ಟಿದವು. ಅತ್ತ ಲಂಡನ್ನಿನಲ್ಲಿ 1968ರಲ್ಲೇ ಟೋನಿ ಎಲಿಯಟ್ ಆರಂಭಿಸಿದ ‘ಟೈಮ್ ಔಟ್’ ಕಾರ್ಯಕ್ರಮಗಳ ಪಟ್ಟಿಯನ್ನೇ ಬೆನ್ನೆಲುಬಾಗಿಸಿಕೊಂಡ ಇನ್ನೊಂದು ಮಾದರಿಯನ್ನು ಬೆಳೆಸಿತು. ಭಾರತಕ್ಕೆ ಬಂದದ್ದು ಆ ಮಾದರಿ: ಮುಂಬೈ ಆವೃತ್ತಿ 2004ರಲ್ಲಿ, ಬೆಂಗಳೂರು ಆವೃತ್ತಿ 2008ರಲ್ಲಿ ಆರಂಭವಾಯಿತು.

ಟೀಕೆಗಳು

ಪತ್ರಿಕೆಯ ಮೇಲಿನ ಮೊದಲ ಆಕ್ಷೇಪ ಅದರ ಓದುಗ ವರ್ಗದ್ದು. ಮ್ಯಾನ್‌ಹಟನ್ನಿನ ಓದುಬರಹ ಬಲ್ಲ, ಕೈಯಲ್ಲಿ ಕಾಸಿರುವ ಮಂದಿಯನ್ನು ಮುಂದಿಟ್ಟುಕೊಂಡಾಗ ಬ್ರಾಂಕ್ಸ್, ಕ್ವೀನ್ಸ್, ಬ್ರೂಕ್ಲಿನ್ನಿನ ಬಡ ಕೇರಿಗಳು ಹಿನ್ನೆಲೆಗೆ ಸರಿದವು. ಜಾಹೀರಾತಿನ ಆದಾಯ ಕೊಳ್ಳುವ ಶಕ್ತಿಯಿರುವವರನ್ನೇ ಹುಡುಕಿಕೊಂಡು ಬರುವುದು ಇದಕ್ಕೆ ಕಾರಣ. ಪತ್ರಿಕೆಯ ಒಲವು ಹಿಡಿಸದೆ ಬ್ರೆಸ್ಲಿನ್ 1971ರಲ್ಲೇ ಹೊರನಡೆದರು.

ಎರಡನೆಯ ಆಕ್ಷೇಪ ಸತ್ಯಕ್ಕೆ ಸಂಬಂಧಿಸಿದ್ದು. ಗೇಲ್ ಶೀಹಿ 1971ರಲ್ಲಿ ಬರೆದ ವೇಶ್ಯಾವೃತ್ತಿಯ ಕುರಿತ ವರದಿಯ ಮುಖ್ಯ ಪಾತ್ರ ಹಲವರ ಬದುಕನ್ನು ಬೆಸೆದು ಕಟ್ಟಿದ್ದೆಂದು ತಿಳಿದಾಗ ವಿವಾದವಾಯಿತು. ನಿಕ್ ಕೋನ್ ತಮ್ಮ ಡಿಸ್ಕೊ ಬರಹದ ನಾಯಕನನ್ನು ಕಲ್ಪಿಸಿಕೊಂಡಿದ್ದಾಗಿ ಸುಮಾರು ಎರಡು ದಶಕಗಳ ನಂತರ ಒಪ್ಪಿಕೊಂಡರು. 2014ರಲ್ಲಿ ಶಾಲಾ ಬಾಲಕನೊಬ್ಬ ಷೇರು ವ್ಯವಹಾರದಲ್ಲಿ ಕೋಟಿಗಟ್ಟಲೆ ಡಾಲರ್ ಗಳಿಸಿದನೆಂಬ ವರದಿ ಸುಳ್ಳೆಂದು ಬಯಲಾಗಿ ಪತ್ರಿಕೆ ಕ್ಷಮೆ ಕೇಳಿತು. ಕಾದಂಬರಿಯ ಕೌಶಲ ವರದಿಗೆ ಜೀವ ತುಂಬಬಲ್ಲದು; ನಡೆಯದ್ದನ್ನು ನಡೆಯಿತೆಂದು ಬರೆಯುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ.

ಮೌಲ್ಯಮಾಪನ

ಊಟದ ಅಂಗಡಿಯ ವಿಳಾಸ ಮತ್ತು ನಗರಾಡಳಿತದ ಒಳಸುಳಿ ಒಬ್ಬನೇ ಓದುಗನಿಗೆ ಬೇಕಾದ ಸಂಗತಿಗಳೆಂದು ಸಾಧಿಸಿದ್ದು ‘ನ್ಯೂಯಾರ್ಕ್’ ಪತ್ರಿಕೆಯ ಮುಖ್ಯ ಕೊಡುಗೆ. ಬರೀ ಅಂಗಡಿಗಳ ಪಟ್ಟಿಯಾದಾಗ ನಗರ ಪತ್ರಿಕೆ ಜಾಹೀರಾತಿನ ಬಾಲವಾಗುತ್ತದೆ. ಬರೀ ದೂರಾದಾಗ ಅದನ್ನು ಮನೆಗೆ ತರಿಸುವವರು ಇರುವುದಿಲ್ಲ. ಈ ಪತ್ರಿಕೆ ಎರಡನ್ನೂ ಸರಿದೂಗಿಸಿದ ವರ್ಷಗಳಲ್ಲೆಲ್ಲ ಅತ್ಯುತ್ತಮವಾಗಿದೆ, ಒಂದು ಕಡೆ ವಾಲಿದಾಗ ಸೊರಗಿದೆ. ಬಾಡಿಗೆ ಎಷ್ಟಿತ್ತು, ಜನ ಏನು ಉಟ್ಟರು, ಏನು ತಿಂದರು, ಯಾರಿಗೆ ಹೆದರಿದರು ಎಂಬ, ಸರ್ಕಾರಿ ದಾಖಲೆಗಳಲ್ಲಿ ಸಿಗದ ವಿವರಗಳು ಇದರ ಹಳೆಯ ಸಂಪುಟಗಳಲ್ಲಿವೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ನ್ಯೂಯಾರ್ಕಿನ ಸಾಮಾಜಿಕ ಚರಿತ್ರೆ ಬರೆಯುವವರಿಗೆ ಇವು ಮುಖ್ಯ ಆಕರ. 1968ರಿಂದ 1997ರವರೆಗಿನ ಸಂಚಿಕೆಗಳನ್ನು ಜಾಹೀರಾತುಗಳ ಸಮೇತ ಗೂಗಲ್ ಬುಕ್ಸ್‌ನಲ್ಲಿ ಓದಬಹುದು.